ಇಪ್ಪತ್ತಾರು ಹಿರಿಯರು

ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು. ಮೇಲಿನ ಹುಲ್ಲುಗಾವಲಿನಿಂದ ಕುರಿಗಳು ಇಳಿದು, ವರ್ಷದ ಎರಡನೆಯ ಕತ್ತರಿಯೂ ಆಗಿ, ಊರಿನ ಪ್ರತಿ ಅಂಗಳದಲ್ಲೂ ಉಣ್ಣೆಯ ರಾಶಿ ಬಿದ್ದಿತ್ತು. ಈ ಕಾಲದ ಉಣ್ಣೆ ಗಿಡ್ಡ, ನೆಲಕ್ಕೆ ಹಾಕುವ ಹಾಸು ಮಾಡಲು ಇದೇ ಒಳ್ಳೆಯದು. ನಾವು ಆರು ಹೆಂಗಸರು ನೆರೆಮನೆಯ ಜಿಪರಳ ಅಂಗಳದಲ್ಲಿ ಎರಡು ದಿನ ಕೂತು ಬೆತ್ತಗಳಿಂದ ಅದನ್ನು ಬಡಿದಿದ್ದೆವು. ಮೂರನೆಯ ದಿನ ಜೊಂಡಿನ ಚಾಪೆಯ ಮೇಲೆ ಹರವಿ, ಕುದಿಯುವ ನೀರು ಚಿಮುಕಿಸಿ, ಚಾಪೆಸಮೇತ ಸುತ್ತಿ, ಹಗ್ಗ ಬಿಗಿದು, ಸುರುಳಿಯನ್ನು ಅಂಗಳದ ಈ ತುದಿಯಿಂದ ಆ ತುದಿಗೆ ಒದೆಯುತ್ತ ಉರುಳಿಸುತ್ತಿದ್ದೆವು. ಮುನ್ನೂರು ಒದೆ ಬಿದ್ದರೆ ಉಣ್ಣೆ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಎಣಿಸುವುದು ಜಿಪರಳ ಕೆಲಸ.

"ಐವತ್ತೆಂಟು, ಐವತ್ತೊಂಬತ್ತು, ಭಾವ!" ಎಂದಳು ಜಿಪರ್. "ಭಾವನ ಮೇಲೊಂದು! ಭಾವನ ಮೇಲೆರಡು!"

"ಜೋರಾಗಿ ಒದೀರೇ, ಭಾವನ ಮೇಲೆ ಬೀಳ್ತಿರೋದು," ಎಂದಳು ಪಕ್ಕದವಳು. ಎಲ್ಲರೂ ನಕ್ಕರು. ಪ್ರತಿ ಸುರುಳಿಗೂ ಈ ಮಾತು ಬರುತ್ತಿತ್ತು, ಪ್ರತಿ ಸಲವೂ ನಗುತ್ತಿದ್ದೆವು.

ನಮ್ಮಲ್ಲಿ ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರು ಹೇಳಬಾರದು. ಗಂಡನ ಹೆಸರನ್ನೂ ಹೇಳುವುದಿಲ್ಲ. ಹೆಸರಿಗೆ ಅರ್ಥವಿದ್ದರೆ ಆ ಪದವನ್ನೂ ಬಿಡಬೇಕು. ತಪ್ಪಿದವಳಿಗೆ ಒಂದು ಕುರಿ ದಂಡ. ನನ್ನ ಮಾವನ ಹೆಸರಿಗೆ ಯಾವ ಅರ್ಥವೂ ಇರಲಿಲ್ಲ, ಅದು ನನ್ನ ಪುಣ್ಯ. ಜಿಪರಳಿಗೆ ಆ ಪುಣ್ಯ ಇರಲಿಲ್ಲ. ಅವಳ ಭಾವ ಹುಟ್ಟಿದಾಗ ಅವನ ತಾತನಿಗೆ ಅರವತ್ತು ವರ್ಷವಾಗಿತ್ತೆಂದು ಅವನಿಗೆ ಅಲ್ತಿಮಿಶ್, ಅಂದರೆ ಅರವತ್ತು, ಎಂದೇ ಹೆಸರಿಟ್ಟಿದ್ದರು. ಗಂಡ ಬುಧವಾರ ಹುಟ್ಟಿದ್ದರಿಂದ ಶಾರ್ಶೆನ್. ಬುಧವಾರವೂ ಹೋಯಿತು, ಅವಳ ವಾರದಲ್ಲಿ ಮಂಗಳವಾರದ ನಂತರ 'ಮಾರನೆ ದಿನ' ಬರುತ್ತಿತ್ತು. ಇವೆಲ್ಲ ಹೇಗೋ ನಡೆಯುತ್ತಿದ್ದವು. ತೊಂದರೆ ಇದ್ದದ್ದು ಮಾವನದು. ಮಗನಿಗೆ ಸಾವಿರ ಕುರಿ ಆಗಲಿ ಎಂಬ ಆಸೆಯಿಂದ ಅವನ ತಂದೆ ಅವನಿಗೆ ಮಿಂಗ್‌ಬಾಯ್ ಎಂದು ಹೆಸರಿಟ್ಟಿದ್ದ. ಮಿಂಗ್ ಎಂದರೆ ಸಾವಿರ. ಮಿಂಗ್‌ಬಾಯನ ಕುರಿಗಳು ಯಾವ ಕಾಲಕ್ಕೂ ನಲವತ್ತು ದಾಟಲಿಲ್ಲ, ಆದರೆ ಸೊಸೆಯ ಬಾಯಿಂದ ಸಾವಿರ ಹೋಗಿಬಿಟ್ಟಿತು.

ಸಾವಿರವಿಲ್ಲದೆ ಈಗಿನ ಕಾಲದಲ್ಲಿ ಒಂದು ಜೊತೆ ಚಪ್ಪಲಿ ಕೊಳ್ಳುವುದಕ್ಕೂ ಆಗುವುದಿಲ್ಲ. ಜಿಪರ್ ಸಾವಿರದ ಬದಲಿಗೆ 'ಹಿರಿಯರು' ಎನ್ನುತ್ತಿದ್ದಳು. ಸಂತೆಯಲ್ಲಿ ಅವಳ ಹಾಸಿನ ಬೆಲೆ ಕೇಳಿದರೆ, "ಹನ್ನೆರಡು ಹಿರಿಯರು, ಕಡೇ ಮಾತು ಹನ್ನೊಂದೂವರೆ ಹಿರಿಯರು," ಎನ್ನುವಳು. ಸಂತೆಯವರಿಗೆ ರೂಢಿಯಾಗಿತ್ತು. ಅವಳ ಮಗಳು ಮಾತ್ರ ಶಾಲೆಯಲ್ಲಿ ಐವತ್ತೊಂಬತ್ತಾದ ಮೇಲೆ "ಭಾವ" ಎಂದು ಹೇಳಿ, ಮೇಷ್ಟರಾದ ನಮ್ಮ ಮನೆಯವರ ಕೈಲಿ ಬೈಸಿಕೊಂಡಿದ್ದಳು.

ಮನೆಯೊಳಗೆ ಈ ಮಾತಿನ ಅಗತ್ಯವೇ ಬೀಳುತ್ತಿರಲಿಲ್ಲ. ಹಾಸು ಮಾರಿ ಬಂದ ದುಡ್ಡನ್ನು ಜಿಪರ್ ಮಡಚಿಟ್ಟ ರಜಾಯಿಗಳ ಸಾಲಿನಲ್ಲಿ ಮೇಲಿನಿಂದ ಮೂರನೆಯದರ ಕೆಳಗೆ ಇಡುತ್ತಿದ್ದಳು. ಅತ್ತೆ ಬೂಬುಶ್ ಅಲ್ಲಿಂದ ತೆಗೆಯುತ್ತಿದ್ದಳು. ಇಟ್ಟವಳು ಎಷ್ಟೆಂದು ಹೇಳುವ ಹಾಗಿಲ್ಲ, ತೆಗೆದವಳು ಕೇಳುವ ಪದ್ಧತಿಯಿಲ್ಲ. ಹನ್ನೊಂದು ವರ್ಷ ಹೀಗೇ ಕಳೆದಿತ್ತು. ಮನೆ ನಡೆಯುವುದು ಮಿಂಗ್‌ಬಾಯನ ಪಿಂಚಣಿಯಿಂದ ಮತ್ತು ಶಾರ್ಶೆನ್‌ನ ಬಾಡಿಗೆ ಕಾರಿನಿಂದ ಎಂದು ಆ ಮನೆಯವರೂ ನಂಬಿದ್ದರು, ಊರೂ ನಂಬಿತ್ತು. ಕಾರು ವರ್ಷದಲ್ಲಿ ಏಳು ತಿಂಗಳು ಇಟ್ಟಿಗೆಗಳ ಮೇಲೆ ನಿಂತಿರುತ್ತಿತ್ತು.

ಆ ದಿನ ಸುರುಳಿ ಬಿಚ್ಚಿ ಹಾಸನ್ನು ಬಿಸಿಲಿಗೆ ಹಾಕುವಾಗ ಜಿಪರ್ ಬಲಗೈಯನ್ನು ಭುಜದ ಮೇಲಕ್ಕೆ ಎತ್ತಲಾರದೆ ಹಲ್ಲು ಕಚ್ಚಿದಳು. ಎರಡು ವರ್ಷದಿಂದ ಹೀಗೆ. ಬೆತ್ತದ ಕೆಲಸ.

"ನಾಳೆ ಬರ್ತಾಳಂತಲ್ಲೇ ಆ ಸಾಲದ ಹುಡುಗಿ?" ಎಂದೆ.

"ಹೂಂ ಅಕ್ಕಾ. ಮಾರನೆ ದಿನ ಅಂದಿದ್ಳು. ನಾಳೆ ಅದೇ ತಾನೆ."

ಕೊಚ್ಕೋರ್ ಪಟ್ಟಣದಲ್ಲಿ ಒಬ್ಬ ಉಣ್ಣೆ ಹಿಂಜುವ ಯಂತ್ರ ಮಾರುತ್ತಿದ್ದ. ಆರು ಹೆಂಗಸರ ಎರಡು ದಿನದ ಕೆಲಸವನ್ನು ಅದು ಅರ್ಧ ಗಂಟೆಯಲ್ಲಿ ಮಾಡುತ್ತಿತ್ತು. ಬೆಲೆ ನೂರ ಹತ್ತು ಸಾವಿರ ಸೋಮ್. ಭಾನುವಾರದವರೆಗೆ ಇಟ್ಟುಕೊಂಡಿರುತ್ತೇನೆ, ಆಮೇಲೆ ಬೇರೆ ಗಿರಾಕಿಗೆ ಕೊಡುತ್ತೇನೆ ಎಂದಿದ್ದ. ರಾಜಧಾನಿ ಬಿಷ್ಕೆಕ್‌ನ ವ್ಯಾಪಾರಿ ವಸಂತದೊಳಗೆ ನಲವತ್ತು ಹಾಸು ಕೇಳಿದ್ದ. ಜಿಪರಳ ಭುಜದಲ್ಲಿ ನಲವತ್ತು ಹಾಸು ಇರಲಿಲ್ಲ. ಪಟ್ಟಣದ ಸಾಲದ ಸಂಘವೊಂದು ಕೆಲಸ ಮಾಡುವ ಹೆಂಗಸರಿಗೇ ಎಂದು ಕಡಿಮೆ ಬಡ್ಡಿಗೆ ಕೊಡುತ್ತದೆ ಎಂದು ಗೊತ್ತಾಗಿ ಅರ್ಜಿ ಹಾಕಿದ್ದಳು. ಆ ಹುಡುಗಿ ನಾಳೆ ತಪ್ಪಿದರೆ ಮತ್ತೆ ಬರುವುದು ಹಿಮ ಕರಗಿದ ಮೇಲೆ.

ಮಾರನೆ ದಿನ, ಅಂದರೆ ಬುಧವಾರ, ನಾಜಿರಾ ಎಂಬ ಆ ಹುಡುಗಿ ಮಧ್ಯಾಹ್ನ ಎರಡಕ್ಕೆ ಬಂದಳು. ಇಪ್ಪತ್ತನಾಲ್ಕು ಇಪ್ಪತ್ತೈದು ವಯಸ್ಸು, ರಾಜಧಾನಿಯಲ್ಲಿ ಹುಟ್ಟಿ ಬೆಳೆದವಳು. ನೆಲದ ಮೇಲೆ ಊಟದ ಬಟ್ಟೆ ಹಾಸಿ, ಚಹಾ, ಕೆನೆ, ಆಗ ತಾನೆ ಕರಿದ ಹಿಟ್ಟಿನ ತುಂಡುಗಳು, ಅಂದರೆ ಬೋರ್ಸೊಕ್, ಇಟ್ಟಿದ್ದರು. ಮೇಲಿನ ಜಾಗದಲ್ಲಿ ಮಿಂಗ್‌ಬಾಯ್ ಬಿಳಿ ಉಣ್ಣೆಯ ಎತ್ತರದ ಟೋಪಿ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಬೂಬುಶ್. ಬಾಗಿಲ ಬಳಿ ಶಾರ್ಶೆನ್. ಸಾಕ್ಷಿಗೆಂದು ನಾನೂ ನಮ್ಮ ಮನೆಯವರೂ ಹೋಗಿದ್ದೆವು.

ನಾಜಿರಾ ತನ್ನ ಚೀಲದಿಂದ ತಟ್ಟೆಯಷ್ಟು ಅಗಲದ ಫೋನು ತೆಗೆದು ಚಹಾದ ಬಟ್ಟಲಿಗೆ ಒರಗಿಸಿ ನಿಲ್ಲಿಸಿದಳು.

"ಹೊಸ ನಿಯಮ ಇದೆ," ಎಂದಳು. "ಹೋದ ವರ್ಷ ಕೆಲವು ಊರಲ್ಲಿ ಗಂಡಂದಿರೇ ಹೆಂಡ್ತೀರ ಸಂಪಾದನೆ ಬರೆದುಕೊಟ್ಟು, ಹಸು ಅಂತ ಸಾಲ ತಗೊಂಡು ಕಾರು ತಂದ್ರು. ಅದಕ್ಕೇ ಈಗ ಬರೆದು ಕೊಡೋ ಹಾಗಿಲ್ಲ. ಅರ್ಜಿ ಹಾಕಿದ ಹೆಂಗಸು ತನ್ನ ಬಾಯಾರೆ ಹೇಳ್ಬೇಕು. ಈ ಫೋನು ಕೇಳಿಸ್ಕೊಂಡು ತಾನೇ ಬರ್ಕೊಳ್ಳತ್ತೆ. ಮಧ್ಯೆ ಬೇರೆಯವರ ದನಿ ಬಂದ್ರೆ ಎಲ್ಲ ಅಳಿಸಿಹಾಕಿ ಮೊದಲಿಂದ ಶುರು ಮಾಡತ್ತೆ. ನಿಮ್ಮ ಸಂಪಾದನೆ ನಿಮ್ಮ ದನೀಲೇ ಇರ್ಬೇಕು ಅನ್ನೋದು ಉದ್ದೇಶ."

"ಒಳ್ಳೇ ನಿಯಮ," ಎಂದ ಮಿಂಗ್‌ಬಾಯ್. ಫೋನು ಟಿಂಗ್ ಎಂದಿತು. ಮೊದಲಿನಿಂದ ಶುರುವಾಯಿತು.

ಜಿಪರ್ ತಲೆವಸ್ತ್ರ ಸರಿಮಾಡಿಕೊಂಡು ಹೆಸರು ಹೇಳಿದಳು, ಕೆಲಸ ಹೇಳಿದಳು. ಫೋನಿನೊಳಗಿನ ಹೆಂಗಸು ಕೇಳಿದಳು: "ತಿಂಗಳಿಗೆ ನಿಮ್ಮ ಸಂಪಾದನೆ ಎಷ್ಟು?"

ಜಿಪರ್ ಒಮ್ಮೆ ಮಾವನ ಕಡೆ ನೋಡಿ ತಲೆ ತಗ್ಗಿಸಿ ಹೇಳಿದಳು: "ಇಪ್ಪತ್ತಾರು ಹಿರಿಯರು."

ನಾಜಿರಾ ಫೋನು ನೋಡಿ ಹುಬ್ಬು ಗಂಟಿಕ್ಕಿದಳು. "ಅಕ್ಕಾ, ನಿಮ್ಮ ಮನೇಲಿ ಇಪ್ಪತ್ತಾರು ಜನ ವಯಸ್ಸಾದವರನ್ನ ಸಾಕ್ತಿದೀರಾ?"

"ಇಲ್ಲಮ್ಮ, ಇಬ್ರೇ."

"ಇದು ಇಪ್ಪತ್ತಾರು ಅಂತ ಬರ್ಕೊಂಡಿದೆ. ಸಂಪಾದನೆ ಜಾಗ ಖಾಲಿ. ಇಷ್ಟು ಜನ ಅವಲಂಬಿತರಿರೋರಿಗೆ ಸಾಲ ಕೊಡಕ್ಕಾಗಲ್ಲ ಅಂತಿದೆ."

ನಾನು ಅವಳಿಗೆ ವಿಷಯ ತಿಳಿಸಿದೆ. ಅವಳಿಗೆ ನಗು ಬಂತು, ಆದರೆ ಕೆನೆಯ ಬಟ್ಟಲು ಎತ್ತಿಕೊಂಡು ಮರೆಸಿದಳು. "ನನಗಿನ್ನೂ ಮದುವೆ ಆಗಿಲ್ಲ," ಎಂದಳು, ಅದೇ ಕ್ಷಮೆ ಎಂಬಂತೆ. "ಬೇರೆ ರೀತಿ ಹೇಳಿ. ಸಂಖ್ಯೆ ಬಂದ್ರೆ ಸಾಕು."

ಜಿಪರ್ ಯೋಚಿಸಿದಳು. "ಇಪ್ಪತ್ತಾರು... ಹತ್ತು... ನೂರು."

ಫೋನು ಇಪ್ಪತ್ತಾರು ಲಕ್ಷದ ಹತ್ತು ಸಾವಿರದ ನೂರು ಎಂದು ಬರೆದುಕೊಂಡು, ತಿಂಗಳಿಗೆ ಇಷ್ಟು ದುಡಿಯುವವರು ದೊಡ್ಡ ಬ್ಯಾಂಕಿಗೆ ಹೋಗುವುದು ಒಳ್ಳೆಯದೆಂದು ಸಲಹೆ ಕೊಟ್ಟಿತು. ಬಾಗಿಲ ಬಳಿ ಶಾರ್ಶೆನ್ ಎದ್ದು ನಿಂತ. "ಎಷ್ಟಂತೆ?" ಎಂದ. ಟಿಂಗ್.

ಮೂರನೆಯ ಸಲ ಜಿಪರ್ "ಇಪ್ಪತ್ತಾರು" ಎಂದಷ್ಟೇ ಹೇಳಿ, ಉಳಿದದ್ದನ್ನು ಕೈಯಲ್ಲಿ ತೋರಿಸಿದಳು. ಫೋನಿಗೆ ಕೈ ಕಾಣಲಿಲ್ಲ. ತಿಂಗಳಿಗೆ ಇಪ್ಪತ್ತಾರು ಸೋಮ್ ದುಡಿಯುವ ಬಡ ಹೆಂಗಸಿಗೆ ಒಂದು ಮೂಟೆ ಹಿಟ್ಟು ಮಂಜೂರು ಮಾಡಬಹುದು ಎಂದಿತು.

"ಹಿಟ್ಟು ಬೇಡ ಅನ್ಬೇಡ್ವೇ," ಎಂದಳು ಬೂಬುಶ್. ಟಿಂಗ್.

"ಒಂದು ನಿಮಿಷ," ಎಂದರು ನಮ್ಮ ಮನೆಯವರು. ಲೆಕ್ಕದ ಮೇಷ್ಟರಲ್ಲವೇ, ಅವರ ಕಣ್ಣು ಹೊಳೆಯುತ್ತಿತ್ತು. "ತಿಂಗಳದ್ದು ಯಾಕೆ, ದಿನದ ಸಂಪಾದನೆ ಹೇಳ್ಲಿ. ಇಪ್ಪತ್ತಾರನ್ನ ಮೂವತ್ತರಿಂದ ಭಾಗಿಸಿದ್ರೆ ನೂರರ ಲೆಕ್ಕಕ್ಕೆ ಬರತ್ತೆ." ಬೋರ್ಸೊಕ್‌ನ ಎಣ್ಣೆ ಹತ್ತಿದ ಬೆರಳಲ್ಲಿ ಮಂಡಿಯ ಮೇಲೆ ಗೀಚಿದರು. "ದಿನಕ್ಕೆ ಎಂಟುನೂರ ಅರವ... ಛೇ."

"ಏನಾಯ್ತು?" ಎಂದೆ.

"ಎಂಟುನೂರ ಅರವತ್ತಾರು. ಮಧ್ಯದಲ್ಲಿ ಅಲ್ತಿಮಿಶ್ ನಿಂತಿದಾನೆ."

"ವಾರದ್ದು?"

ಗೀಚಿದರು. "ವಾರಕ್ಕೆ ಸರಿಯಾಗಿ ಆರು ಸಾವಿರ." ಬೆರಳು ಒರೆಸಿಕೊಂಡರು. "ಎಲ್ಲಿಂದ ಹೋದ್ರೂ ಇವರ ಮನೆಯೋರು ಅಡ್ಡ ಬರ್ತಾರೆ."

ಇಷ್ಟು ಹೊತ್ತೂ ಮಿಂಗ್‌ಬಾಯ್ ಗಡ್ಡ ಸವರುತ್ತ ಕೂತಿದ್ದ. ಮುದುಕ ಕೆಟ್ಟವನಲ್ಲ. ಹೆಸರಿನ ಗೌರವವನ್ನು ಅವನಾಗಿ ಎಂದೂ ಕೇಳಿದವನಲ್ಲ. ಅದು ಟೋಪಿಯ ಹಾಗೆ ಅವನ ಮೇಲೆ ಬಂದು ಕೂತಿತ್ತು. ಅತಿಥಿಯ ಎದುರು ತನ್ನ ಹೆಸರು ಸೊಸೆಯ ಗಂಟಲಲ್ಲಿ ಸಿಕ್ಕಿಕೊಂಡಿರುವುದು ನೋಡಿ ಅವನಿಗೆ ನಾಚಿಕೆಯಾಗಿರಬೇಕು.

"ನನ್ನ ಹೆಸರೇ ತಾನೇ ತೊಂದರೆ?" ಎಂದ. "ಸಂಜೆ ತನಕ ಅದನ್ನ ಬಿಟ್ಟುಬಿಡ್ತೀನಿ. ಹೊತ್ತು ಮುಳುಗಿದ ಮೇಲೆ ವಾಪಸ್ ತಗೋತೀನಿ."

"ಹೆಸರಿಲ್ಲದೆ ಕೂತಿರ್ತೀಯಾ?" ಎಂದಳು ಬೂಬುಶ್. "ಈ ವಯಸ್ಸಲ್ಲಿ? ಅಷ್ಟರಲ್ಲಿ ಯಾರಾದ್ರೂ ಮೇಲಿಂದ ಪಟ್ಟಿ ಹಿಡ್ಕೊಂಡು ಬಂದ್ರೆ ನಿನ್ನ ಜಾಗದಲ್ಲಿ ನನ್ನ ಎಳ್ಕೊಂಡು ಹೋಗ್ಲಿ ಅಂತಾನಾ?"

"ಬೇರೆ ಹೆಸರಿಟ್ಕೋತೀನಿ, ಸುಮ್ನಿರು." ಸುತ್ತ ನೋಡಿದ. ಕಿಟಕಿಯಾಚೆ ಬಿಸಿಲಲ್ಲಿ ಹೊಸ ಹಾಸು ಹಬೆಯಾಡುತ್ತಿತ್ತು. ಮುಖ ಅರಳಿತು. "ಜುನ್‌ಬಾಯ್! ನನ್ನ ಸೊಸೆ ಉಣ್ಣೆ ಕೆಲಸದೋಳು. ಅವಳ ಮರ್ಯಾದೆಗೆ ಉಣ್ಣೆ ಹೆಸರು."

ನಮಗೆಲ್ಲ ಮೆಚ್ಚಿಗೆಯಾಯಿತು. ಜಿಪರಳ ಕಣ್ಣಲ್ಲಿ ನೀರೂ ಬಂತು. ಹಿರಿಯ ಕೈ ಎತ್ತಿ ಹರಸಿ ಮುಖ ಸವರಿಕೊಂಡರೆ ಮಾತ್ರ ಇಂಥದು ಸಲ್ಲುತ್ತದೆ. ಮಿಂಗ್‌ಬಾಯ್ ಅಂಗೈಗಳನ್ನು ಎದುರಿಗೆ ಹಿಡಿದು ನಾಲ್ಕು ಒಳ್ಳೆಯ ಮಾತು ಹೇಳಿ ಮುಖ ಸವರಿಕೊಂಡ. ನಾವೂ ಸವರಿಕೊಂಡೆವು. ನಾಜಿರಾ ಫೋನು ಸರಿಯಾಗಿ ನಿಲ್ಲಿಸಿದಳು.

"ನೀವು ಮಾಡುವ ಕೆಲಸ ಏನು?" ಎಂದಳು ಫೋನಿನ ಹೆಂಗಸು.

"ಉ..." ಎಂದು ಜಿಪರ್ ನಾಲಿಗೆ ಕಚ್ಚಿಕೊಂಡಳು.

ಜಿಪರ್ ನಿಧಾನವಾಗಿ ಹೇಳಿದಳು: "ಕುರಿ ಮೈಮೇಲೆ ಇರೋದನ್ನ ತೆಗೆದು, ಬಡಿದು, ಬಿಸಿನೀರು ಹಾಕಿ, ಒದ್ದು, ಮಾರ್ತೀನಿ."

ಫೋನು ಬರೆದುಕೊಂಡಿತು. ಪ್ರಾಣಿಗಳಿಗೆ ಹಿಂಸೆ ಕೊಡುವ ಉದ್ಯೋಗಗಳಿಗೆ ಸಂಘದಲ್ಲಿ ಅವಕಾಶವಿಲ್ಲ ಎಂದಿತು.

"ಉಣ್ಣೆ ಬೇಡ," ಎಂದ ಮಿಂಗ್‌ಬಾಯ್. "ಬೇರೆ. ಚಾಯ್‌ಬಾಯ್."

"ಬೆಳಿಗ್ಗೆಯಿಂದ ಸಂಜೆ ತನಕ ಇಪ್ಪತ್ತು ಸಲ ಚಹಾ ಚಹಾ ಅಂತ ಈ ಮನೇಲಿ ಕೂಗೋನು ನೀನೊಬ್ನೇ," ಎಂದಳು ಬೂಬುಶ್. "ನಿನ್ನನ್ನೇ ನೀನು ಕರ್ಕೋತೀಯಾ?"

ಮೂರೂಕಾಲಾಗಿತ್ತು. ನಾಲ್ಕಕ್ಕೆ ನಾಜಿರಾ ಮುಂದಿನ ಊರಿಗೆ ಹೊರಡಬೇಕು, ಅಲ್ಲಿ ಹನ್ನೊಂದು ಹೆಂಗಸರು ಕಾಯುತ್ತಿದ್ದಾರೆ ಎಂದು ಎರಡು ಸಲ ಹೇಳಿಯಾಗಿತ್ತು. ಜಿಪರ್ ಬಲಭುಜವನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡು ಕೂತಿದ್ದಳು. ಅವಳ ಕಣ್ಣು ಫೋನಿನ ಮೂಲೆಯಲ್ಲಿ ಓಡುವ ಗಡಿಯಾರದ ಮೇಲಿತ್ತು.

"ತಾತ," ಎಂದಳು ನಾಜಿರಾ, "ಇವರಿಗೆ ಯಾವತ್ತೂ ಬೇಡದ ಪದ ಯಾವುದಾದ್ರೂ ಆರಿಸ್ಕೊಳ್ಳಿ. ಸಮುದ್ರ ಅಂತ ಇಟ್ಕೊಳ್ಳಿ. ಇಲ್ಲಿ ಯಾರು ನೋಡಿದಾರೆ ಸಮುದ್ರ?"

"ದೆಂಗಿಜ್‌ಬಾಯ್," ಎಂದು ಮುದುಕ ನಾಲಿಗೆಯ ಮೇಲೆ ಹೊರಳಿಸಿ ನೋಡಿದ. ಬೆನ್ನು ನೆಟ್ಟಗಾಯಿತು. "ದೆಂಗಿಜ್‌ಬಾಯ್! ನಮ್ಮಪ್ಪನಿಗೆ ಇದು ಹೊಳೀಲಿಲ್ಲ ನೋಡು. ಸಮುದ್ರದೊಡೆಯ! ಇದನ್ನ ನಾಳೆನೂ ಇಟ್ಕೊಂಡ್ರೆ ಹೇಗೆ?"

"ಮೊದ್ಲು ಇವತ್ತಿನದು ಮುಗಿಸು," ಎಂದಳು ಬೂಬುಶ್.

ಮುದುಕ ಮತ್ತೆ ಅಂಗೈಗಳನ್ನು ಎತ್ತಿ ಹಿಡಿದ. ಹೊಸ ಹೆಸರು ಬಹಳ ಹಿಡಿಸಿದ್ದರಿಂದ ಈ ಸಲದ ಹಾರೈಕೆ ಉದ್ದವಾಯಿತು. ಅಲೆಗಳಿಂದ ಆರಂಭಿಸಿ, ಮೀನುಗಳಿಗೆ ಬಂದು, ಹಡಗುಗಳಲ್ಲಿ ಪ್ರಯಾಣ ಮಾಡುವವರೆಲ್ಲ ಕ್ಷೇಮವಾಗಿರಲಿ ಎಂಬಲ್ಲಿಗೆ ತಲುಪಿದ. ನಾವೆಲ್ಲ ಕೈ ಎತ್ತಿಕೊಂಡೇ ಕೂತಿದ್ದೆವು. ಗಡಿಯಾರ ಓಡುತ್ತಿತ್ತು.

ಶಾರ್ಶೆನ್‌ಗೆ ತಾಳ್ಮೆ ಮುಗಿಯಿತು. ಅವನಿಗೆ ಯಂತ್ರ ಬರಲಿ ಎಂದೇ ಇತ್ತು. ಸಹಾಯ ಮಾಡುತ್ತಿದ್ದೇನೆಂದೇ ಅವನು ತಿಳಿದಿದ್ದ.

"ಏನಮ್ಮಾ, ಇಷ್ಟಕ್ಕೆ ಇಷ್ಟೊಂದಾ? ನಾನು ಹೇಳ್ತೀನಿ, ಬರ್ಕೋ," ಎಂದ ಬಾಗಿಲಿಂದ. "ನಾಲ್ಕು ಸಾವಿರ. ಚಹಾಕ್ಕೆ, ದಾರಕ್ಕೆ ಆಗೋವಷ್ಟು ಏನೋ ತರ್ತಾಳೆ, ಇಲ್ಲ ಅನ್ನಲ್ಲ. ಮನೆ ನಡೆಸೋರು ನಾವಿದೀವಲ್ಲ, ನಮ್ಮಪ್ಪನ ಪಿಂಚಣಿ ಇದೆ, ನನ್ನ ಗಾಡಿ ಇದೆ."

ಟಿಂಗ್ ಎಂದಿತು ಫೋನು. ಮತ್ತೆ ಹೆಸರು, ಕೆಲಸ ಕೇಳಿತು, ಜಿಪರ್ ಒಂದೇ ಉಸಿರಲ್ಲಿ ಹೇಳಿ ಮುಗಿಸಿದಳು. "ತಿಂಗಳಿಗೆ ನಿಮ್ಮ ಸಂಪಾದನೆ ಎಷ್ಟು?"

"ಇಪ್ಪತ್ತಾರು ಸಾವಿರ!" ಎಂದಳು ಜಿಪರ್.

ಅದು ಕಿರುಚಿದ ಹಾಗಿತ್ತು. ಎತ್ತಿದ ಕೈಗಳೆಲ್ಲ ಎತ್ತಿದಲ್ಲೇ ನಿಂತವು. ಅವಳು ಫೋನಿನ ಕಡೆ ತಿರುಗಿದ್ದಳು, ಗಂಡನ ಕಡೆ ನೋಡಲೇ ಇಲ್ಲ.

"ಇಪ್ಪತ್ತಾರು ಸಾವಿರ! ಚಹಾಕ್ಕಂತೆ, ದಾರಕ್ಕಂತೆ! ಹೋದ ಚಳಿಗಾಲದ ಕಲ್ಲಿದ್ದಲು ಹದಿನೆಂಟು ಸಾವಿರ, ಅದು ದಾರಾನಾ? ಹಿಟ್ಟು ತಿಂಗಳಿಗೆ ಐದು ಸಾವಿರ. ಅತ್ತೆ ಹಲ್ಲು ಕಟ್ಟಿಸಿದ್ದು ಇಪ್ಪತ್ತೆರಡು ಸಾವಿರ. ಗಾಡಿ ಇದೆಯಂತೆ! ಗಾಡಿಯ ನಾಲ್ಕು ಚಕ್ರ ಹದಿನಾರು ಸಾವಿರ, ಅದರ ಬ್ಯಾಟರಿ ಏಳು ಸಾವಿರ, ಅದು ನಿಂತಿದೆಯಲ್ಲ ಇಟ್ಟಿಗೆ, ಆ ಇಟ್ಟಿಗೆ ಒಂದು ಸಾವಿರ! ಭಾವನ ಮಗನ ಮದುವೆಗೆ ಕೊಟ್ಟಿದ್ದು ಭಾವ ಸಾವಿರ!"

ಇಷ್ಟು ಸಿಟ್ಟಿನಲ್ಲೂ ಅವಳು ಅರವತ್ತು ಎನ್ನಲಿಲ್ಲ. ಅಲ್ತಿಮಿಶ್ ಅಲ್ಲಿರಲೂ ಇಲ್ಲ.

ಫೋನು ಎಲ್ಲವನ್ನೂ ಕೇಳಿಸಿಕೊಂಡಿತು. ಯಾರೂ ಮಾತಾಡದ್ದರಿಂದ ಅಳಿಸಲಿಲ್ಲ. ಸ್ವಲ್ಪ ಹೊತ್ತು ಪರದೆಯ ಮೇಲೆ ಚಕ್ರ ಸುತ್ತಿಸಿ, ಆಮೇಲೆ ಅದೇ ಸಮಾಧಾನದ ದನಿಯಲ್ಲಿ ಹೇಳಿತು: "ದಾಖಲಾಗಿದೆ. ಅರ್ಜಿ ಸ್ವೀಕರಿಸಲಾಗಿದೆ. ಮನೆಯ ಇತರ ಆದಾಯವನ್ನು ಅಧಿಕಾರಿ ತುಂಬಬೇಕು."

ನಾಜಿರಾ ಮೆಲ್ಲನೆ ಕೇಳಿದಳು, "ತಾತ, ನಿಮ್ಮ ಪಿಂಚಣಿ?"

"ಏಳು ಸಾವಿರದ ಮುನ್ನೂರು," ಎಂದ ಮುದುಕ. ಕೈ ಇನ್ನೂ ಗಾಳಿಯಲ್ಲೇ ಇತ್ತು.

"ಅಣ್ಣಾ, ನಿಮ್ಮ ಗಾಡಿಯಿಂದ? ಪೆಟ್ರೋಲು, ರಿಪೇರಿ ಕಳೆದು."

ಶಾರ್ಶೆನ್ ಸೀಲಿಂಗು ನೋಡಿದ. "ಕಳೀಲೇಬೇಕಾ?"

"ಕಳೀಬೇಕು."

"ಹಾಗಾದ್ರೆ ಬಿಡು."

ನಾಜಿರಾ ಒತ್ತಿದಳು. ಫೋನು ಲೆಕ್ಕ ಹಾಕಿ ಹೇಳಿತು: ಕುಟುಂಬದ ಆದಾಯದಲ್ಲಿ ಅರ್ಜಿದಾರಳ ಪಾಲು ನೂರಕ್ಕೆ ಎಪ್ಪತ್ತೆಂಟು.

ಮಿಂಗ್‌ಬಾಯ್ ಕೈ ಇಳಿಸಿದ. ಮುಖ ಸವರಿಕೊಳ್ಳಲಿಲ್ಲ. ಆಮೇಲೆ ಹತ್ತು ಬೋರ್ಸೊಕ್‌ಗಳನ್ನು ಆರಿಸಿ ಒಂದು ಸಾಲಾಗಿ ಇಟ್ಟ.

"ಮೇಷ್ಟ್ರೇ, ನೂರಕ್ಕೆ ಎಪ್ಪತ್ತೆಂಟು ಅಂದ್ರೆ ಹತ್ತರಲ್ಲಿ ಎಷ್ಟು?"

"ಎಂಟು ಅಂತ ಇಟ್ಕೊಳ್ಳಿ."

ಮುದುಕ ಎಂಟನ್ನು ಎಣಿಸಿ ಸೊಸೆಯ ಕಡೆಗೆ ಸರಿಸಿದ. ಉಳಿದದ್ದು ಎರಡು. ಒಂದನ್ನು ಬೂಬುಶ್‌ಗೆ ಕೊಟ್ಟು ಇನ್ನೊಂದನ್ನು ತಾನು ತಿಂದ. ಶಾರ್ಶೆನ್ ಕೈ ಚಾಚಿದ್ದವನು ಹಿಂದಕ್ಕೆ ತೆಗೆದುಕೊಂಡ.

ನಾಜಿರಾ ಹೋದಳು. ಶನಿವಾರ ದುಡ್ಡು ಬರುತ್ತದೆ ಎಂದು ಹೇಳಿ ಹೋದಳು. ಕಾರಿನ ಧೂಳು ಇನ್ನೂ ಇಳಿದಿರಲಿಲ್ಲ, ಬೂಬುಶ್ ಸೊಂಟಕ್ಕೆ ಕೈ ಇಟ್ಟು ನಿಂತಳು.

"ದಂಡ ಬಿತ್ತು," ಎಂದಳು. "ಅವನ ಕೈ ಇನ್ನೂ ಮುಖಕ್ಕೆ ಬಂದಿರ್ಲಿಲ್ಲ. ಸಮುದ್ರ ಆಗಿರ್ಲಿಲ್ಲ. ಅವನಿನ್ನೂ ಅವನೇ ಆಗಿದ್ದ. ಇವಳು ಎದುರಿಗೇ ನಿಂತು ಹೆಸರು ಕೂಗಿದ್ಳು. ಒಂದು ಸಲ ಅಲ್ಲ, ಎಂಟು ಸಲ."

"ಎಂಟಲ್ಲ, ಒಂಬತ್ತು," ಎಂದರು ನಮ್ಮ ಮನೆಯವರು. ನಾನು ಚಿವುಟಿದೆ.

"ಒಂಬತ್ತಾದ್ರೂ ಒಂದೇ ತಪ್ಪು, ಒಂದೇ ಕುರಿ. ಅನ್ಯಾಯದ ಮಾತು ನಾನಾಡಲ್ಲ."

ಜಿಪರಳ ಸಿಟ್ಟು ಇಳಿದಿತ್ತು, ಮುಖ ಬಿಳಿಚಿಕೊಂಡಿತ್ತು. "ಕೊಡ್ತೀನಿ ಅತ್ತೆ. ಈಗಲೇ ಕೊಡ್ತೀನಿ," ಎಂದು ದೊಡ್ಡಿಯ ಕಡೆ ನಡೆದಳು. ನಾವೆಲ್ಲ ಹಿಂದೆಯೇ ಹೋದೆವು. ಬಾಲ ದಪ್ಪಗಿದ್ದ ಒಳ್ಳೆಯ ಕುರಿಯೊಂದರ ಕಿವಿ ಹಿಡಿದು ಅವಳು ಮಾವನ ಮುಂದೆ ತಂದಳು.

"ತಡಿ," ಎಂದ ಮಿಂಗ್‌ಬಾಯ್. "ಇದು ಯಾರದು?"

"ನಮ್ಮದೇ ಮಾವ."

"ಕೊಂಡೋರು ಯಾರು?"

ಜಿಪರ್ ಕುರಿಯ ಕಿವಿ ಸವರಿದಳು.

"ಹಾಸಿನ ದುಡ್ಡಲ್ಲಿ ಕೊಂಡಿದ್ದು, ಹೋದ ವರ್ಷ," ಎಂದೆ ನಾನು. ಸಂತೆಗೆ ಜೊತೆಯಲ್ಲಿ ಹೋದವಳು ನಾನೇ.

"ಹಾಗಾದ್ರೆ ಇದು ನಡಿಯಲ್ಲ. ಬೂಬುಶ್, ನೀನು ಮದುವೆಯಾಗಿ ಬಂದ ವರ್ಷ ನಮ್ಮಪ್ಪನ ಹೆಸರು ಹೇಳಿ ಸಿಕ್ಕಿಬಿದ್ದೆಯಲ್ಲ, ದಂಡದ ಕುರಿ ಯಾರು ಕೊಟ್ರು?"

"ಇನ್ಯಾರು, ನಿಮ್ಮಪ್ಪನೇ. ಅವರ ಕುರಿ ನನ್ನ ಕೈಗೆ ಕೊಟ್ರು, ನಾನು ತಿರುಗಿ ಅವರಿಗೇ ಒಪ್ಪಿಸ್ದೆ. ಅದೇ ತಾನೆ ಪದ್ಧತಿ? ಸೊಸೆಗೆ ಸ್ವಂತ ಕುರಿ ಎಲ್ಲಿಂದ ಬರ್ಬೇಕು?"

"ಅದನ್ನೇ ಹೇಳ್ತಿರೋದು. ದಂಡ ಅಂದ್ರೆ ನನ್ನ ಕುರಿ ನನಗೆ ಬರ್ಬೇಕು. ಇವಳ ಕುರಿ ನಾನು ಯಾಕೆ ತಗೊಳ್ಲಿ? ಅದು ದಂಡ ಆಗಲ್ಲ, ದರೋಡೆ ಆಗತ್ತೆ." ದೊಡ್ಡಿಯೊಳಗೆ ಇಳಿದ. "ನನ್ನದೊಂದು ಹುಡುಕಿ."

ಹುಡುಕಿದೆವು. ಹತ್ತೊಂಬತ್ತು ಕುರಿಗಳಿದ್ದವು. ಶಾರ್ಶೆನ್ ಒಂದೊಂದನ್ನೂ ಹಿಡಿದು ನಿಲ್ಲಿಸುವನು, ಮುದುಕ ಅದರ ಮುಖ ನೋಡುವನು. ಇದು? ಹಾಸಿನದು. ಇದು? ಹಾಸಿನದರ ಮಗಳು. ಆ ಕಪ್ಪು ಟಗರು? ಎರಡು ಹಾಸು ಕೊಟ್ಟು ಅದಲು ಬದಲು ಮಾಡಿದ್ದು. ಕೊನೆಗೆ ಮೂಲೆಯಲ್ಲಿ ಒಂದು ಕುಂಟ ಆಡು ಉಳಿಯಿತು. ಮುದುಕ ಆಸೆಯಿಂದ ಅದರ ಕಡೆ ನಡೆದ.

"ಅದು ನಮ್ಮಪ್ಪ ಕೊಟ್ಟಿದ್ದು, ಮಾವ," ಎಂದಳು ಜಿಪರ್ ಸಂಕೋಚದಿಂದ.

ಮಿಂಗ್‌ಬಾಯ್ ದೊಡ್ಡಿಯ ಅಡ್ಡಗಂಬದ ಮೇಲೆ ಕೂತುಬಿಟ್ಟ. ಬೇಲಿಯಾಚೆ ಹೊಲದಲ್ಲಿ ಯಾರೋ ಆಲೂಗೆಡ್ಡೆ ಅಗೆಯುತ್ತಿದ್ದರು. ಗುದ್ದಲಿ ಕಲ್ಲಿಗೆ ತಾಗುವ ಸದ್ದು ಬರುತ್ತಿತ್ತು.

"ಪಿಂಚಣಿಯಲ್ಲಿ ಉಳಿಸಿ ನಾನೊಂದು ಕುರಿ ಕೊಳ್ತೀನಿ," ಎಂದ ಕಡೆಗೆ. "ಅದನ್ನ ನಿನ್ನ ಕೈಗೆ ಕೊಡ್ತೀನಿ. ನೀನು ನನಗೆ ದಂಡ ಕಟ್ಟು. ಅಲ್ಲೀ ತನಕ ಬಾಕಿ."

"ಸಾಲ ಕೊಡ್ಲಾ ಮಾವ?" ಎಂದಳು ಜಿಪರ್.

"ಬೇಡ. ಆ ಫೋನಿನ ಮುಂದೆ ನನ್ನ ಕೂರಿಸ್ತೀಯಾ ನೀನು."

ಯಂತ್ರ ಬಂತು. ಚಳಿಗಾಲವೆಲ್ಲ ಅದರ ಗುರುಗುಟ್ಟುವಿಕೆ ನಮ್ಮ ಮನೆಗೂ ಕೇಳುತ್ತಿತ್ತು. ಜಿಪರಳ ಭುಜ ಪೂರ್ತಿ ವಾಸಿಯಾಗಲಿಲ್ಲ, ಆದರೆ ತಲೆವಸ್ತ್ರ ಕಟ್ಟಿಕೊಳ್ಳುವಷ್ಟು ಮೇಲೇಳುತ್ತದೆ. ಶಾರ್ಶೆನ್ ಯಂತ್ರಕ್ಕೆ ಉಣ್ಣೆ ತುಂಬುತ್ತಾನೆ. ಅವನಿಗೆ ಕೂಲಿ ಎಷ್ಟು ಎಂದು ನಾನು ಕೇಳಿಲ್ಲ, ಅವನಿಗೂ ಯಾರೂ ಹೇಳಿದಂತಿಲ್ಲ.

ದಂಡ ಮಾತ್ರ ತೀರಲಿಲ್ಲ. ಒಂದು ತಿಂಗಳು ಮುದುಕನ ಪಿಂಚಣಿ ಯಾರದೋ ಮದುವೆಯ ಮುಯ್ಯಿಗೆ ಹೋಯಿತು, ಇನ್ನೊಂದು ತಿಂಗಳು ಕನ್ನಡಕಕ್ಕೆ. ಮಧ್ಯೆ ಬೂಬುಶ್ ಊರ ಹಿರಿಯರ ಮುಂದೆ ಒಂದು ಪ್ರಶ್ನೆ ಇಟ್ಟಳು: ದಂಡ ತೀರದೆ ಇರುವಾಗ ಸೊಸೆ ಮತ್ತೆ ಸಾವಿರ ಎಂದರೆ ಅದು ಹೊಸ ತಪ್ಪೋ, ಹಳೆಯದೇ ಮುಂದುವರಿದದ್ದೋ? ಹಿರಿಯರು ಎರಡು ಸಲ ಚಹಾ ಕುಡಿದು ತೀರ್ಮಾನ ಹೇಳಿದರು. ತಪ್ಪು ಮುಗಿಯುವುದು ದಂಡ ಕಟ್ಟಿದ ದಿನ. ಅಲ್ಲಿಯವರೆಗೆ ಅದೇ ತಪ್ಪು ನಡೆಯುತ್ತಿದೆ ಎಂದು ಲೆಕ್ಕ. ಹೊಸದಕ್ಕೆ ದಂಡವಿಲ್ಲ.

ಅಂದಿನಿಂದ ಜಿಪರ್ ಮನೆಯಲ್ಲಿ, ಸಂತೆಯಲ್ಲಿ, ರಸ್ತೆಯಲ್ಲಿ ಸಾವಿರ ಎನ್ನುತ್ತಾಳೆ. ರಜಾಯಿಯ ಕೆಳಗೆ ದುಡ್ಡಿಡುವಾಗ ಗಟ್ಟಿಯಾಗಿ ಹೇಳಿ ಇಡುತ್ತಾಳೆ. ಬೂಬುಶ್ ಕೇಳಿಸಿಕೊಂಡು ತೆಗೆಯುತ್ತಾಳೆ.

ಮೊನ್ನೆ ಏಪ್ರಿಲ್ ಸಂತೆಯಿಂದ ನಾವಿಬ್ಬರೂ ಬಂದಾಗ ಮಿಂಗ್‌ಬಾಯ್ ಗೇಟಿನ ಬಳಿ ಬಿಸಿಲಿಗೆ ಕೂತಿದ್ದ. ಕೈಯಲ್ಲಿ ಮಡಚಿದ ನೋಟುಗಳಿದ್ದವು.

"ಸೊಸೇ, ಕುರಿ ಈಗ ಏನು ಬೆಲೆ? ಹನ್ನೆರಡೂವರೆ ಕೂಡಿಸಿದೀನಿ."

"ಹದಿನಾಲ್ಕು ಸಾವಿರ, ಮಾವ," ಎಂದಳು ಜಿಪರ್ ತಡವರಿಸದೆ.

ಆ ಬೆಳಿಗ್ಗೆಯೇ, ಅವಳ ಎದುರಿಗೇ, ನಾನು ಒಂದು ಕುರಿಯನ್ನು ಹನ್ನೆರಡು ಸಾವಿರಕ್ಕೆ ಕೊಂಡಿದ್ದೆ. ಅದು ನನ್ನ ಹಿಂದೆ ಹಗ್ಗದಲ್ಲಿ ನಿಂತು ಬೇಲಿಯ ಎಲೆ ಕೀಳುತ್ತಿತ್ತು. ಮುದುಕ ಅದನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ.

"ಅಷ್ಟಾಗಿದೆಯಾ," ಎಂದು ನೋಟುಗಳನ್ನು ಟೋಪಿಯೊಳಗೆ ಸೇರಿಸಿಕೊಂಡ. "ಸರಿ ಬಿಡು. ಮುಂದಿನ ತಿಂಗಳು ನೋಡೋಣ."